ವೆರೊನಿಕಾ ಬಾಯಿಯ ಮೂರಡಿ ಜಾಗ

"ಆ ಹೆಂಗಸು ಸಾಯುವವರೆಗೆ ನಾವು ಕಾಯಬೇಕಾ?" ಎಂದು ಎಡ್ಮಂಡ್ ಮೇಜು ಗುದ್ದಿದ.

ಶಾಲೆಯ ಜಗಲಿಯಲ್ಲಿ ಸೇರಿದ್ದ ಸಭೆ ಎರಡು ಪಾಲಾಗಿ ಕೂಗಾಡುತ್ತಿತ್ತು. ಶಂಕರಪುರದ ಮಲ್ಲಿಗೆ ಹನ್ನೊಂದರ ಬಸ್ಸಿಗೆ ಮುಟ್ಟಲೇಬೇಕು. ಇದ್ದ ಮಣ್ಣುರಸ್ತೆ ಊರೆಲ್ಲ ಸುತ್ತಿ ಬರುತ್ತಿತ್ತು. ಹತ್ತಿರವಾಗುತ್ತದೆಂದು ಹೆಂಗಸರು ಬುಟ್ಟಿ ಹೊತ್ತು ಗದ್ದೆಗಳ ನಡುವಿನ ಕಿರಿದಾದ ಹುಣಿಯ ಮೇಲೆ ನಡೆಯುತ್ತಿದ್ದರು. ಆ ಹುಣಿಯನ್ನೇ ಅಗಲ ಮಾಡಿ ಸೈಕಲ್ ದಾರಿ ಮಾಡುವ ಎಂದು ಪಂಚಾಯತು ಹೊರಟು ಮೂರು ವರ್ಷವಾಗುತ್ತ ಬಂದಿತ್ತು. ರಸ್ತೆ ಬದಿಯ ಅಂಗಡಿಯವರಿಗೆ ಅದು ಬೇಡ, ಗಿರಾಕಿ ತಪ್ಪುತ್ತದೆ. ಎಡ್ಮಂಡನಂಥ ಮಲ್ಲಿಗೆಯವರಿಗೆ ಬೇಕೇ ಬೇಕು. ಎರಡೂ ಕಡೆಯವರು ಒಪ್ಪುತ್ತಿದ್ದ ಮಾತು ಒಂದೇ: ದಾರಿಗೆ ಅಡ್ಡ ನಿಂತವಳು ವೆರೊನಿಕಾ ಬಾಯಿ. ದಾರಿ ಬಸ್ಸಿನ ರಸ್ತೆಯನ್ನು ಸೇರಬೇಕಾದರೆ ಆಕೆಯ ಹಿತ್ತಲಿನ ಮೂರಡಿ ಜಾಗ ಬೇಕಿತ್ತು.

"ಮಾಸ್ಟ್ರು ಪ್ರತಿ ಭಾನುವಾರ ಹೋಗಿ ಕೈಮುಗಿಯುವುದು ಕಂಡರೆ ನನಗೇ ನಾಚಿಕೆ ಆಗುತ್ತದೆ. ಕಲ್ಲು ಮಾರಾಯ್ರೇ ಅದು, ಕಲ್ಲು!" ಎಂದ ಎಡ್ಮಂಡ್.

ಜನಾರ್ದನ ಮಾಸ್ಟರರು ತಲೆ ತಗ್ಗಿಸಿ ಕೂತಿದ್ದರು. ಶಾಲೆಯಿಂದ ನಿವೃತ್ತರಾದವರು, ಈಗ ಪಂಚಾಯತಿನ ಸದಸ್ಯರು. ಆಕೆಯ ಒಪ್ಪಿಗೆ ಪತ್ರ ತರುವ ಜವಾಬ್ದಾರಿ ಅವರ ಹೆಗಲಿಗೆ ಬಿದ್ದಿತ್ತು.

"ಮಂಗಳವಾರ ಮಾರ್ಚ್ ಮುಗಿಯುತ್ತದೆ. ಸೋಮವಾರ ಕಾಗದ ಕೊಡದಿದ್ದರೆ ಅನುದಾನ ಬೇರೆ ಊರಿಗೆ ಹೋಗುತ್ತದೆ," ಎಂದರು ಚೇರ್ಮನ್ ರಘುಪತಿ. "ಈ ಸಲ ನಾನೂ ಬರುತ್ತೇನೆ ಮಾಸ್ಟ್ರೇ."

"ಬೇಡ!" ಮಾಸ್ಟರರ ದನಿ ಥಟ್ಟನೆ ಏರಿತು. ಸಭೆ ಅವರತ್ತ ತಿರುಗಿತು. ಅವರು ದನಿ ತಗ್ಗಿಸಿದರು. "ಇಬ್ಬರು ಹೋದರೆ ಕೆಲಸ ಕೆಡುತ್ತದೆ. ನಾನೇ ಹೋಗುತ್ತೇನೆ."

ಹೆಂಡತಿ ತೀರಿಕೊಂಡ ಮೇಲೆ ಮಾಸ್ಟರರಿಗೆ ಹೋಟೆಲಿನ ಊಟ, ಮನೆಯಲ್ಲಿ ರೇಡಿಯೋ. ರೇಡಿಯೋ ಬೆಳಗಿನಿಂದ ಮಾತಾಡುತ್ತದೆ, ನಿಜ. ಆದರೆ ಚಳಿಗೆ ಮಂಡಿ ನೋಯುತ್ತದೆ ಎಂದರೆ, ಹೌದಾ, ಎಂತ ಹಚ್ಚಿದಿರಿ ಎಂದು ಕೇಳುವುದಿಲ್ಲವಲ್ಲ. ಸೋಮವಾರದಿಂದ ಶನಿವಾರದವರೆಗೆ ಆ ಮನೆಯಲ್ಲಿ ಹೊತ್ತು ಹೋಗುತ್ತಲೇ ಇರಲಿಲ್ಲ.

ವೆರೊನಿಕಾ ಬಾಯಿಯ ಮನೆಗೆ ಅವರು ಮೊದಲು ಹೋದದ್ದು ಎಪ್ಪತ್ತೆಂಟರ ಜೂನ್ ಹನ್ನೊಂದರಂದು. ಜಡಿಮಳೆ. ಟೀಪಾಯಿಯ ಮೇಲೆ ಇಟ್ಟ ಕಾಗದದ ಮೂಲೆಗೆ ಕೊಡೆಯ ನೀರು ತೊಟ್ಟಿಕ್ಕಿತ್ತು. ಆಕೆ ಚಾ ಕೊಟ್ಟಿದ್ದರು. ಮಳೆ ನಿಂತ ಮೇಲೂ ಮಾಸ್ಟರರು ಒಂದು ಗಂಟೆ ಕೂತಿದ್ದರು. ಎರಡನೆಯ ವಾರದಿಂದ ಅವರು ಪೆನ್ನು ಒಯ್ಯುವುದನ್ನು ಬಿಟ್ಟರು. ಕಾಗದ ಒಯ್ಯುವುದನ್ನು ಮಾತ್ರ ಬಿಡಲಿಲ್ಲ. ಒಂಟಿ ಹೆಂಗಸಿನ ಮನೆಗೆ ಒಂಟಿ ಗಂಡಸು ಸುಮ್ಮನೆ ಹೋದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ಕಿಸೆಯಲ್ಲಿ ಪಂಚಾಯತಿನ ಕಾಗದ ಇದ್ದರೆ ಯಾರೂ ಎಂತದೂ ಹೇಳುವಂತಿಲ್ಲ.

ಸಭೆಯಾದ ಮೇಲಿನ ಭಾನುವಾರ ಅವರು ಸೈಕಲ್ ಒರಗಿಸುವಾಗಲೇ ಟೀಪಾಯಿಯ ಮೇಲೆ ಎರಡು ಕಪ್ಪು ಇದ್ದವು. ಮಾಸ್ಟರರು ಕಾಗದವನ್ನು ಮಡಿಕೆ ಬಿಚ್ಚದೆ ಪಕ್ಕದಲ್ಲಿಟ್ಟರು. ಬಾಯಿ ಅದರತ್ತ ನೋಡಲಿಲ್ಲ.

"ಇಗರ್ಜಿಯಲ್ಲಿ ಇವತ್ತು ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ," ಎಂದರು ಬಾಯಿ, ಚಾ ಬಗ್ಗಿಸುತ್ತ. ಗಂಡ ಜೇಮ್ಸ್ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಈಗ ಮೂರು ವರ್ಷದಿಂದ ನೆರೆಹೊರೆಯವರ ಮಾತುಕತೆಯೂ ಇಲ್ಲ.

ಮಾಸ್ಟರರು ಕಪ್ಪಿನತ್ತ ಚಾಚಿದ ಕೈಯನ್ನು ಹಿಂದೆಗೆದರು. "ನನ್ನಿಂದ..."

"ಅದು ಬಿಡಿ. ನಿಮಗೆ ಹೂ ಹೊರುವ ಕುಶಲಾಳ ವಿಷಯ ಗೊತ್ತುಂಟಲ್ಲ? ಬುಟ್ಟಿ ಸಮೇತ ಹುಣಿಯಿಂದ ಜಾರಿದ್ದಾಳೆ. ಕಾಲಿಗೆ ಹಲಗೆ ಕಟ್ಟಿದ್ದಾರೆ. ಮಂಚದ ಮೇಲೆ ಕೂತು ಹೂ ಕಟ್ಟುತ್ತಾಳೆ."

"ಗೊತ್ತುಂಟು."

"ಬೈಗುಳ ನನಗೆ ಅಭ್ಯಾಸ ಆಗಿದೆ ಮಾಸ್ಟ್ರೇ. ಅವಳ ಕಾಲು ಅಭ್ಯಾಸ ಆಗುವುದಿಲ್ಲ." ಬಾಯಿ ಮಡಿಸಿದ ಕಾಗದವನ್ನು ಬೆರಳ ತುದಿಯಿಂದ ಅವರತ್ತ ತಳ್ಳಿದರು. "ನಾಳೆ ಆಗಲಿ."

ಮೂರು ವರ್ಷದ ಜಗಳ ಅಷ್ಟರಲ್ಲಿ ಮುಗಿಯಿತು. ಮಾಸ್ಟರರಿಗೆ ಸಂತೋಷವಾಗಬೇಕಿತ್ತು. ಎದೆಯೊಳಗೆ ಖಾಲಿ ಖಾಲಿಯಾಯಿತು. ಕಾಗದವನ್ನು ಎತ್ತಿ ಕಿಸೆಗೆ ಹಾಕಿಕೊಂಡರು.

"ಮತ್ತೆ ಮುಂದಿನ ಭಾನುವಾರ ಎಂತ ಹೇಳಿಕೊಂಡು ಬರುವುದು?" ಎಂದು ಕೇಳಿದರು.

ಬಾಯಿ ಹಿತ್ತಲಿನ ಅಂಚಿನ ಮಲ್ಲಿಗೆ ಗಿಡಗಳತ್ತ ನೋಡಿದರು. ದಾರಿಗೆ ಹೋಗುವವು ಅವೇ. "ದಾರಿ ಆಗುತ್ತದಲ್ಲ? ದಾರಿಯಲ್ಲಿ ಹೋಗುವವರನ್ನು ಚಾ ಕುಡಿಯಲಿಕ್ಕೆ ಕರೆದರೆ ತಪ್ಪುಂಟಾ?"

ಸೋಮವಾರ ಬೆಳಿಗ್ಗೆ ಪಂಚಾಯತು ಕಚೇರಿಯ ಬಾಗಿಲು ತೆರೆಯುವ ಮೊದಲೇ ಮಾಸ್ಟರರು ಮೆಟ್ಟಿಲ ಮೇಲೆ ನಿಂತಿದ್ದರು. ಕಾಗದವನ್ನು ಕೈಗಿಟ್ಟಾಗ ರಘುಪತಿಯವರ ಮುಖ ಅರಳಿತು.

"ಅಂತೂ ಬಗ್ಗಿದಳು! ನಿನ್ನೆ ಎಂತ ಮಂತ್ರ ಹಾಕಿದಿರಿ ಮಾಸ್ಟ್ರೇ?"

"ಅವರನ್ನು ಇನ್ನು ಯಾರೂ ಬೈಯಬೇಡಿ," ಎಂದರು ಮಾಸ್ಟರರು. "ಬೈಯುವುದಾದರೆ ನನ್ನನ್ನು ಬೈಯಿರಿ." ರಘುಪತಿ ಎಂತದೆಂದು ಕೇಳುವಷ್ಟರಲ್ಲಿ ಅವರು ಸೈಕಲ್ ಹತ್ತಿದ್ದರು.

ರಘುಪತಿ ಕಾಗದ ಬಿಡಿಸಿದರು. ಮಡಿಕೆಗಳು ಸವೆದು ಹರಿಯುವ ಹಾಗಿದ್ದವು. ಮೂಲೆಯಲ್ಲಿ ಯಾವ ಕಾಲದ್ದೋ ನೀರಿನ ಕಲೆ. ಕಲೆಯ ಪಕ್ಕದಲ್ಲಿ, ಮಾಸ್ಟರರ ಪೆನ್ನಿನ ನೀಲಿ ಶಾಯಿ ಮಾಸಿ ಹೋದ ಅಕ್ಷರಗಳಲ್ಲಿ, ವೆರೊನಿಕಾ ಬಾಯಿಯ ರುಜು.

ಅದರ ಕೆಳಗೆ ತಾರೀಕು: ೧೧-೬-೧೯೭೮.