ಸಂಕ್ರಮಣದ ಬಂಗುಡೆ

"ಅಮ್ಮ, ನೀನು ಬಾಯಿ ಅಲ್ಲಾಡಿಸಿದರೆ ಸಾಕು. ಸೌಂಡ್ ನಾನು ಕೊಡ್ತೇನೆ," ಎಂದು ಭವ್ಯಶ್ರೀ ಮುಳ್ಳುಸೌತೆಯ ತುಂಡು ಹಿಡಿದುಕೊಂಡು ಮೇಜಿನ ಕೆಳಗೆ ತೂರಿಕೊಂಡಳು. ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟ ಮೊಬೈಲು. ಅದರೆದುರು ತಟ್ಟೆಯಲ್ಲಿ ಕೆಂಪಗೆ ಕಾಯಿಸಿದ ಒಂದು ಬಂಗುಡೆ. ಕಾಯಿಸಿದ್ದು ಮಂಗಳವಾರ, ಇವತ್ತು ಗುರುವಾರ. ಎರಡು ರಾತ್ರಿ ಫ್ರಿಜ್ಜಿನಲ್ಲಿ ಕಳೆದರೂ ಅದರ ಹೀರೋ ಪಾತ್ರ ಕೈತಪ್ಪಿರಲಿಲ್ಲ. ಮೇಲೆ ಎರಡು ಹನಿ ಎಣ್ಣೆ ಸವರಿದ್ದೇ ಮೇಕಪ್ಪು.

"ನಿನ್ನ ಅಪ್ಪನಿಗೆ ಗೊತ್ತಾದರೆ?" ಎಂದಳು ಬೇಬಿ, ಕೂದಲು ಸರಿಮಾಡಿಕೊಳ್ಳುತ್ತಾ.

"ಗೊತ್ತಾಗ್ಲಿಕ್ಕೆ ಇದೇನು ಹೊಸಬರ ಪಿಕ್ಚರಾ? ಮೂರು ವಾರ ಹೌಸ್‌ಫುಲ್ ಓಡಿದೆ. ಮೊದಲು ಮೀನಿಗೆ ಒಂದು ಕ್ಲೋಸಪ್, ಆಮೇಲೆ ನಿನ್ನ ಮುಖ. ಮೀನು ಕಮ್ಮಿಯಾಯಿತಾ ಇಲ್ಲವಾ ಅಂತ ಯಾರೂ ಕೇಳುವುದಿಲ್ಲ."

ದೋಹಾದಲ್ಲಿರುವ ಗಂಡ ತಾರಾನಾಥನಿಗೆ ಕಳೆದ ವರ್ಷವೇ ಅಲ್ಲಿಯ ಡಾಕ್ಟರು ಕರಿದದ್ದನ್ನು ಬಂದ್ ಮಾಡಿದ್ದರು. ನಾಲಿಗೆಯ ಚಪಲಕ್ಕೆ ಅವನೇ ಒಂದು ಮದ್ದು ಕಂಡುಹಿಡಿದ. ಅಲ್ಲಿ ಹನ್ನೊಂದು ಗಂಟೆಯ ಬ್ರೇಕು, ಇಲ್ಲಿ ಕಾಪುವಿನ ಮನೆಯಲ್ಲಿ ಮಧ್ಯಾಹ್ನ ಒಂದೂವರೆ. ಆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ, ಬೇಬಿ ಮೀನು ತಿನ್ನುವುದನ್ನು ನೋಡುವುದು. "ನೋಡಿದರೆ ಕೊಲೆಸ್ಟರಾಲ್ ಏರುವುದಿಲ್ಲ ಅಲ್ವಾ?" ಎಂದು ನಗುತ್ತಿದ್ದ. ಅದಕ್ಕೂ ಮೊದಲು ಅವರ ಮಾತು ಎರಡು ನಿಮಿಷ ದಾಟಿದ್ದೇ ಇಲ್ಲ. ಊಟ ಆಯ್ತಾ, ಆಯ್ತು, ಮತ್ತೆಂತ, ಎಂತದೂ ಇಲ್ಲ, ಇಡ್ತೇನೆ. ಮೀನು ಬಂದ ಮೇಲೆ ಹನ್ನೊಂದು ನಿಮಿಷ. ಮುಳ್ಳು ಬಿಡಿಸಲಿಕ್ಕೇ ಐದು ನಿಮಿಷ ಬೇಕಲ್ಲ. ಕಾಲ್ ಮುಗಿದ ಮೇಲೆ ಬೇಬಿ ದಿನವೂ ಆ ನಿಮಿಷಗಳನ್ನು ನೋಡಿಯೇ ಫೋನ್ ಕೆಳಗಿಡುತ್ತಿದ್ದಳು.

ತಿಂಗಳ ಹಿಂದೆ ಮಣಿಪಾಲದ ಡಾಕ್ಟರು ಬೇಬಿಯ ರಿಪೋರ್ಟನ್ನೂ ನೋಡಿದರು. ಸಕ್ಕರೆ ಉಂಟು, ಕೊಬ್ಬು ಉಂಟು; ಕಾಯಿಸಿದ ಮೀನು ಇನ್ನು ಬಂದ್. ಒಂದು ಸೌಟು ಗಂಜಿ, ಹುರುಳಿ ಚಟ್ನಿ, ಉಳಿದ ಹೊಟ್ಟೆಗೆಲ್ಲ ಸೊಪ್ಪು ತರಕಾರಿ. ತಿನ್ನಬೇಕು ಎಂದು ತೀರಾ ಆಸೆಯಾದರೆ ಒಂದು ಲೋಟ ನೀರುಮಜ್ಜಿಗೆ ಕುಡಿದು ಅಂಗಳದಲ್ಲಿ ಹತ್ತು ಸುತ್ತು. ಮಜ್ಜಿಗೆ ಕುಡಿದದ್ದೂ ಆಯಿತು, ಸುತ್ತು ಹಾಕಿದ್ದೂ ಆಯಿತು. ಬಂಗುಡೆಯ ಆಸೆ ಒಂದೇ ವಾರದಲ್ಲಿ ಇಳಿಯಿತು. ಒಂದೂವರೆ ಗಂಟೆಯ ಆಸೆಗೆ ಮಾತ್ರ ಮಜ್ಜಿಗೆ ತಾಗಲಿಲ್ಲ. ಹಾಗೆ ಸುರುವಾದದ್ದು ಈ ಶೂಟಿಂಗು.

ಫೋನ್ ರಿಂಗಾಯಿತು. "ಆ್ಯಕ್ಷನ್!" ಎಂದಿತು ಮೇಜಿನ ಕೆಳಗಿನ ದನಿ.

ತಾರಾನಾಥನ ಮುಖ ಮೂಡಿತು. ತಲೆಗೆ ಹಳದಿ ಹೆಲ್ಮೆಟ್, ಹಿಂದೆ ಕ್ಯಾಂಟೀನಿನ ಗೋಡೆ. ಬೇಬಿ ತಟ್ಟೆಯನ್ನು ಎತ್ತಿ ತೋರಿಸಿದಳು. ಆಮೇಲೆ ಬರಿಗೈಯನ್ನು ಬಾಯಿಗೆ ಒಯ್ದು ದವಡೆ ಆಡಿಸಿದಳು. ಕೆಳಗಿನಿಂದ ಕರುಂ ಎಂಬ ಸದ್ದು ಬಂತು.

"ಒಳ್ಳೆ ಗರಿಗರಿ ಉಂಟಲ್ಲ," ಎಂದ ತಾರಾನಾಥ.

"ಹ್ಞೂಂ. ಈಗ ತಾನೇ ಕಾಯಿಸಿದ್ದು."

"ತಾಜಾ ಬಂಗುಡೆಯಾ?"

"ಬೆಳಿಗ್ಗೆ ಬಂದದ್ದು."

ಪರದೆಯಲ್ಲಿ ಅವನ ಮುಖ ಅಲ್ಲಾಡಲಿಲ್ಲ. ನೆಟ್‌ವರ್ಕ್ ನಿಂತಿತೇನೋ ಎಂದು ಬೇಬಿ ಪರದೆಗೆ ಬಗ್ಗಿದಳು. ಅವನು ಕಣ್ಣು ಮಿಟುಕಿಸಿದ.

"ಬೇಬಿ, ಇವತ್ತು ಎಂತ ದಿನ?"

"ಗುರುವಾರ."

"ಸಂಕ್ರಮಣ."

ಬೇಬಿಯ ದವಡೆ ನಿಂತಿತು. ಕೆಳಗಿದ್ದವಳಿಗೆ ಅದು ಕಾಣಲಿಲ್ಲ. ಕರುಂ, ಕರುಂ.

"ಮದುವೆಯಾಗಿ ಇಪ್ಪತ್ತಮೂರು ವರ್ಷ," ಎಂದ ತಾರಾನಾಥ. "ಸಂಕ್ರಮಣದ ದಿನ ನೀನು ಮೀನಿನ ಪಾತ್ರೆ ಕೂಡ ಮುಟ್ಟಿದವಳಲ್ಲ. ನೀನೇ ಕಳಿಸಿದ ಕ್ಯಾಲೆಂಡರ್ ಇಲ್ಲಿ ನನ್ನ ರೂಮಿನ ಗೋಡೆಯಲ್ಲಿ ಉಂಟು. ಮತ್ತೆ ಆ ಮೇಜಿನ ಕೆಳಗಿನವಳಿಗೆ ಹೇಳು, ಡಬ್ಬಿಂಗ್ ಸ್ವಲ್ಪ ಜಾಸ್ತಿಯಾಯಿತು."

"ಪ್ಯಾಕಪ್," ಎಂದು ಭವ್ಯಶ್ರೀ ಹೊರಗೆ ಬಂದು, ಕೈಯಲ್ಲಿದ್ದ ಸೌತೆಯನ್ನು ಬಾಯಿಗೆ ತುರುಕಿಕೊಂಡು ಚಾವಡಿಗೆ ಜಾರಿದಳು.

ಬೇಬಿ ಕೈ ತೊಳೆದಳು. ರಿಪೋರ್ಟಿನ ಸಂಗತಿ, ಗಂಜಿಯ ಸಂಗತಿ ಎಲ್ಲ ಹೇಳಿದಳು. ಹೇಳುವಾಗ ಫೋನಿನ ಕಡೆ ನೋಡಲಿಲ್ಲ. "ಮೀನು ಇಲ್ಲದಿದ್ದರೆ ನೀವು ಬೇಗ ಇಡ್ತೀರಿ ಅಂತ," ಎಂದಳು ಕೊನೆಗೆ.

"ಮೀನು ಇಲ್ಲಿಯೂ ಸಿಗ್ತದೆ ಮಾರಾಯ್ತಿ," ಎಂದ ತಾರಾನಾಥ. ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟ. "ನಿನ್ನ ಸರಿಯಾದ ತಟ್ಟೆ ಎಲ್ಲುಂಟು? ತಾ."

ತಂದಳು. ಒಂದು ಸೌಟು ಗಂಜಿ, ಬಸಳೆ ಪಲ್ಯ, ಹುರುಳಿ ಚಟ್ನಿ. ಬಂಗುಡೆ ಇದ್ದ ಜಾಗದಲ್ಲಿ ಇಟ್ಟಾಗ ತಟ್ಟೆ ತುಂಬಾ ಖಾಲಿ ಕಂಡಿತು. ಬೇಬಿ ಪರದೆಯ ಮೂಲೆಯಲ್ಲಿ ಓಡುತ್ತಿದ್ದ ನಿಮಿಷಗಳನ್ನು ನೋಡಿದಳು. ಏಳು.

"ಇದರಲ್ಲಿ ಮುಳ್ಳು ಇಲ್ಲ," ಎಂದಳು. "ಬೇಗ ಮುಗೀತದೆ."

"ಡಾಕ್ಟರು ಬೇರೆ ಎಂತದೂ ಹೇಳಲಿಲ್ಲವಾ?"

ಬೇಬಿ ನೆನಪು ಮಾಡಿಕೊಂಡಳು. "ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕಂತೆ. ಅಷ್ಟೆಲ್ಲ ಯಾರು ಲೆಕ್ಕ ಇಡ್ತಾರೆ?"

"ನಾನು ಇಡ್ತೇನೆ. ಅಗಿ."

ಅವಳು ಒಂದು ತುತ್ತು ಬಾಯಿಗಿಟ್ಟಳು. ಅವನು ಗಲ್ಲಕ್ಕೆ ಕೈಕೊಟ್ಟು ಕುಳಿತ. "ಒಂದು," ಎಂದ. "ಎರಡು." ಬೇಬಿಗೆ ನಗು ಬಂತು; ನಕ್ಕರೆ ಲೆಕ್ಕ ತಪ್ಪುತ್ತದೆ ಎಂದು ತಡೆದುಕೊಂಡಳು. ಹದಿನಾರಕ್ಕೆ ಬರುವಾಗ ಅವನ ಹಿಂದೆ ಬ್ರೇಕ್ ಮುಗಿದ ಸೈರನ್ ಕೂಗಿತು. ಕುರ್ಚಿಗಳನ್ನು ಎಳೆದ ಸದ್ದು, ಬೂಟುಗಳ ಸದ್ದು, ಯಾರೋ ಅವನ ಹೆಸರು ಹಿಡಿದು ಕರೆದದ್ದು, ಎಲ್ಲ ಕಾಪುವಿನ ಅಡುಗೆಮನೆಗೆ ಕೇಳಿಸಿತು.

ಬೇಬಿ ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

"ಹದಿನೇಳು," ಎಂದ ತಾರಾನಾಥ.