ಗೆರೆಗೆ ಬಾರದ ಚುಕ್ಕಿ

ಪ್ರೊಫೆಸರ್ ಸುಶೀಲೇಂದ್ರ ಒಂದಿಡೀ ಗೆಲಾಕ್ಸಿಯನ್ನು ಹೆಬ್ಬೆರಳಿನಿಂದ ಮುಚ್ಚಿಬಿಟ್ಟರು. ಸಂಶೋಧನಾ ವಿದ್ಯಾರ್ಥಿನಿ ಯಶೋಧರಾಳ ಗ್ರಾಫಿನಲ್ಲಿ ಅದೊಂದು ಚುಕ್ಕಿ. ದೊಡ್ಡ ಗೆಲಾಕ್ಸಿಯ ನಡುವೆ ದೊಡ್ಡ ಕಪ್ಪುಕುಳಿ (ಬ್ಲ್ಯಾಕ್ ಹೋಲ್), ಸಣ್ಣದಕ್ಕೆ ಸಣ್ಣದು ಎಂಬ ಗೆರೆಯ ಮೇಲೆ ಉಳಿದ ಚುಕ್ಕಿಗಳೆಲ್ಲ ಕೈಕಟ್ಟಿ ಕೂತಿದ್ದವು. ಇದು ಮಾತ್ರ ಅಂಗೈಯಗಲದ ಗೆಲಾಕ್ಸಿ. ಅದರ ಹೊಟ್ಟೆಯೊಳಗೆ ಮಾತ್ರ, ಕೋಟಿ ಗೋಳಗುಮ್ಮಟ ನುಂಗಿಯೂ ತೇಗದಂಥ ಕುಳಿ.

“ಸಣ್ಣದರಾಗ ಇಷ್ಟು ದೊಡ್ಡದು ಎಲ್ಲಿಂದ ಬರಬೇಕವಾ? ನಿನ್ನ ಅಳತಿನ ತಪ್ಪು ಅದ. ತಗದುಹಾಕು, ಇಲ್ಲಾಂದ್ರ ಥೀಸಿಸ್‌ಗೆ ಸಹಿ ಇಲ್ಲ.”

“ವರ್ಷಗಟ್ಟಲೆ ಅಳದೇನ್ರಿ ಸರ್,” ಎಂದಳು ಯಶೋಧರಾ. “ನನ್ನ ಥೀಸಿಸ್ಸಿನಾಗ ಹೊಸಾದು ಅದೊಂದ ಐತ್ರಿ.”

ಹೆಬ್ಬೆರಳು ಅಲುಗಲಿಲ್ಲ. ಅವಳು ಚುಕ್ಕಿಯನ್ನು ಅಳಿಸಿದಳು. ಗೆರೆ ಎಷ್ಟು ನೆಟ್ಟಗಾಯಿತೆಂದರೆ, ನೋಡಿದ್ದರೆ ಬ್ರಹ್ಮನೇ ಹೊಟ್ಟೆಕಿಚ್ಚು ಪಡುತ್ತಿದ್ದ.

ಸರ್ ಸಹಿ ಹಾಕಿ ಪೆನ್ನು ಕಿಸೆಗಿಟ್ಟರು. “ಛಲೋ ಆತು. ಆ ಚುಕ್ಕಿದು ಅಳತಿ ಎಲ್ಲಾ ನನಗ ಮೇಲ್ ಮಾಡು. ನನ್ನ ಪೇಪರಿಗೆ ಬೇಕು.”