ಉಳಿಸಿದ ಜಾಡಿ

“ಇದೊಂದನ್ನ ಒಡೆಯೋದು ಬೇಡ” ಎಂದು ಮಾವ ಸುತ್ತಿಗೆಯನ್ನು ಕೆಳಗಿಟ್ಟಾಗ ಯೊಂಜುವಿಗೆ ಮೈಯೆಲ್ಲ ಉರಿಯಿತು. ಜಾಡಿ ಸುಡುವ ಆವಿಗೆ ಎರಡು ದಿನ ಪೈನ್ ಸೌದೆ ಉಂಡು ಆರಿತ್ತು; ಅದರ ಬಾಯಿಯನ್ನು ಆಗಷ್ಟೇ ತೆರೆದಿದ್ದರು. ಮಾವನ ಕೈಯಲ್ಲಿದ್ದದ್ದು ಅವಳ ಗಂಡ ಗ್ಯೂಹೊ ಸಾಯುವ ಮುನ್ನ ಮಾಡಿಟ್ಟಿದ್ದ ಕೊನೆಯ ಬಿಳಿ ಜಾಡಿ. ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿದ್ದ ಜಾಗದಲ್ಲಿ ಅದು ಬೆಂಕಿಗೆ ಕುಸಿದು ಒಂದು ಕಡೆ ವಾಲಿತ್ತು.

“ವಾಲಿದೆಯಲ್ಲ, ಮಾವ.”

“ವಾಲಿದ್ರೇನಮ್ಮ, ನನ್ನ ಮಗನ ಕೈ ಇದು.”

“ಹನ್ನೊಂದು ವರ್ಷ ಅವರು ಮಾಡಿದ್ದೂ ಅದೇ ಕೈಯಲ್ಲೇ. ಸಾಸಿವೆಯಷ್ಟು ಚುಕ್ಕೆ ಬಿದ್ರೂ ಒಡೆದು ಹಾಕ್ತಿದ್ರಿ. ನಾಯಿಗೆ ಅನ್ನ ಹಾಕೋಕೂ ಲಾಯಕ್ಕಿಲ್ಲ ಅಂತಿದ್ರಿ. ಚೂರು ಆರಿಸ್ತಿದ್ದೋಳು ನಾನು.”

ಮುದುಕ ಜಾಡಿಯ ಬೂದಿಯನ್ನು ಅಂಗಿಯ ತೋಳಿನಿಂದ ಒರೆಸಿದ. ಮೆರುಗಿನ ನೀರಿಗೆ ಅದ್ದುವಾಗ ಹಿಡಿದಿದ್ದ ಗ್ಯೂಹೊನ ಬೆರಳುಗಳ ಗುರುತು ಬುಡದಲ್ಲಿ ಹಾಗೇ ಉಳಿದಿತ್ತು. ಅದರ ಮೇಲೆ ತನ್ನ ಬೆರಳಿಟ್ಟು, ತಲೆ ಎತ್ತದೆ ಹೇಳಿದ: “ಅವೂ ಚೆನ್ನಾಗೇ ಇದ್ವು, ತಾಯಿ. ಹೊಗಳಿದ್ರೆ ಕೆಡ್ತಾನೆ ಅಂತ ಒಡೀತಿದ್ದೆ.”

ಯೊಂಜು ಸುತ್ತಿಗೆಯನ್ನು ಎತ್ತಿಕೊಂಡಳು. ಮುದುಕ ಮಗನ ಜಾಡಿಯನ್ನು ಎದೆಗವಚಿಕೊಂಡು ಹಿಂದೆ ಸರಿದ. ಅವಳು ಅತ್ತ ನೋಡಲೂ ಇಲ್ಲ. ಆವಿಗೆಯಿಂದ ತೆಗೆದಿಟ್ಟ ಸಾಲಿನ ಮೊದಲಿಗಿದ್ದ, ಒಂದು ಚುಕ್ಕೆಯೂ ಇಲ್ಲದ, ಮಾವನೇ ಮಾಡಿದ್ದ ಜಾಡಿಯ ಮುಂದೆ ನಿಂತಳು.

“ಇದೂ ಚೆನ್ನಾಗೇ ಇದೆ, ಮಾವ” ಎಂದು ಸುತ್ತಿಗೆ ಬೀಸಿದಳು.